ಹನಿಯ ಹಿಂದಿನ ಹರಳು, ಹರಳಿನ ಮೇಲಿನ ಹಕ್ಕು

ಇಂಕ್‌ಜೆಟ್ ಪ್ರಿಂಟರಿನಿಂದ ಹೊರಬೀಳುವ ಸಣ್ಣ ಹನಿಗಳ ಗಾತ್ರ ಸುಮಾರು 1.5 ಪಿಕೊಲೀಟರ್. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು. ಅಂಥ ಹನಿಯ ಅಡ್ಡಳತೆ 14 ಮೈಕ್ರೋಮೀಟರಿನ ಆಸುಪಾಸು. ಒಂದೊಂದು ತೂತಿನಿಂದ ಸೆಕೆಂಡಿಗೆ ಹತ್ತಾರು ಸಾವಿರ ಹನಿಗಳು ಒಂದೇ ಗಾತ್ರದಲ್ಲಿ, ಒಂದೇ ವೇಗದಲ್ಲಿ, ಗುರಿ ತಪ್ಪದೆ ಕಾಗದದ ಮೇಲೆ ಬೀಳಬೇಕು. ಹಲವು ಪ್ರಿಂಟರುಗಳಲ್ಲಿ ಇಷ್ಟನ್ನೂ ಮಾಡಿಸುವುದು ಸುಮಾರು ಒಂದು ಮೈಕ್ರೋಮೀಟರ್ ದಪ್ಪದ ಒಂದು ಸೆರಾಮಿಕ್ ಪದರ. ವಿದ್ಯುತ್ ಕೊಟ್ಟಾಗ ಅದು ಬಾಗುತ್ತದೆ, ಬಾಗಿದಾಗ ಅದರಡಿಯ ಶಾಯಿ ಒತ್ತಡಕ್ಕೆ ಸಿಕ್ಕಿ ಚಿಮ್ಮುತ್ತದೆ.

ಆ ಪದರ ಎಷ್ಟು ದಪ್ಪ ಇರಬೇಕು, ಅದರೊಳಗಿನ ಹರಳುಗಳು ಯಾವ ದಿಕ್ಕಿಗೆ ಮುಖ ಮಾಡಿರಬೇಕು, ಸೀಸದ ಅಂಶ ಎಷ್ಟಿರಬೇಕು, ಕೆಳಗಿನ ಎಲೆಕ್ಟ್ರೋಡಿಗೆ ಯಾವ ಲೋಹ ಬೇಕು? ಈ ಪ್ರಶ್ನೆಗಳಿಗೆ ಉತ್ತರಗಳೆಲ್ಲ ಪೇಟೆಂಟ್ ಅರ್ಜಿಗಳಲ್ಲಿವೆ. ‘ದ್ರವ ಚಿಮ್ಮಿಸುವ ಹೆಡ್ ಮತ್ತು ಪೀಜೋಎಲೆಕ್ಟ್ರಿಕ್ ಘಟಕ’ ಎಂಬ ಅರ್ಥದ ಶೀರ್ಷಿಕೆ ಹೊತ್ತ ಅರ್ಜಿಗಳು ಜಪಾನ್, ಅಮೆರಿಕ, ಯುರೋಪುಗಳ ಪೇಟೆಂಟ್ ಕಚೇರಿಗಳಿಗೆ ದಶಕಗಳಿಂದ ಸಾಲುಗಟ್ಟಿ ಬರುತ್ತಿವೆ. ಹೊರಗಿನವರ ಕಣ್ಣಿಗೆ ಎಲ್ಲವೂ ಒಂದೇ ತರಹ. ಅವುಗಳಲ್ಲಿ ಯಾವುದು ನಿಜವಾದ ಆವಿಷ್ಕಾರ, ಯಾವುದು ಹಳೆಯದಕ್ಕೇ ಮಾಡಿದ ಸಣ್ಣ ತಿದ್ದುಪಡಿ ಎಂದು ಬೇರ್ಪಡಿಸುವವರು ಪೇಟೆಂಟ್ ಪರೀಕ್ಷಕರು. ಅವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಆದರೂ ಮುಂದಿನ 20 ವರ್ಷ ಒಂದು ತಂತ್ರವನ್ನು ಯಾರು ಮುಕ್ತವಾಗಿ ಬಳಸಬಹುದು, ಯಾರು ಅನುಮತಿ ಕೇಳಬೇಕು ಎಂಬುದು ಅವರ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ. ಪೇಟೆಂಟ್ ಪರಿಶೀಲನೆ ಎಂದರೆ ಸಾರ್ವಜನಿಕರ ಪರವಾಗಿ ಒಬ್ಬ ತಜ್ಞ ನಡೆಸುವ ಚೌಕಾಸಿ. ಅದು ಎಷ್ಟು ಗಂಭೀರವಾದುದು ಎಂಬುದನ್ನು ನೋಡಲು ಈ ಪುಟ್ಟ ಪದರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹರಳು ಕಲಿಸಿದ ವಿದ್ಯೆ

1880ರಲ್ಲಿ ಪ್ಯಾರಿಸ್ಸಿನಲ್ಲಿ ಝಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕ್ವಾರ್ಟ್ಸ್, ಟೂರ್ಮಲಿನ್ ಮೊದಲಾದ ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಹುಟ್ಟುವುದನ್ನು ಕಂಡರು. ಇದು ತಿರುವುಮುರುವಾಗಿಯೂ ನಡೆಯಬೇಕು, ವಿದ್ಯುತ್ ಕೊಟ್ಟರೆ ಹರಳು ಆಕಾರ ಬದಲಿಸಬೇಕು ಎಂದು ಗಾಬ್ರಿಯೆಲ್ ಲಿಪ್‌ಮನ್ 1881ರಲ್ಲಿ ಲೆಕ್ಕ ಹಾಕಿ ಹೇಳಿದರು. ಕ್ಯೂರಿ ಸೋದರರು ಅದನ್ನು ಪ್ರಯೋಗದಿಂದ ದೃಢಪಡಿಸಿದರು. ಹರಳಿನ ಈ ಗುಣವೇ ಪೀಜೋಎಲೆಕ್ಟ್ರಿಕ್, ಚಿಕ್ಕದಾಗಿ ಪೀಜೋ, ಗುಣ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿ ಹಾರಿಸುವುದು ಮೊದಲ ಗುಣದಿಂದ, ಪ್ರಿಂಟರಿನ ಹೆಡ್ ಹನಿ ಚಿಮ್ಮಿಸುವುದು ಎರಡನೆಯದರಿಂದ.

ಕ್ವಾರ್ಟ್ಸ್ ನಿಖರವಾದ ಹರಳು, ಆದರೆ ಅದರ ಚಲನೆ ತೀರಾ ಕಡಿಮೆ. ಹೆಚ್ಚು ಬಾಗುವ ವಸ್ತು ಬೇಕಿತ್ತು. ಸೀಸ, ಜಿರ್ಕೋನಿಯಂ, ಟೈಟೇನಿಯಂ ಮತ್ತು ಆಮ್ಲಜನಕ ಕೂಡಿದ ಲೆಡ್ ಜಿರ್ಕೊನೇಟ್ ಟೈಟನೇಟ್, ಅಂದರೆ ಪಿಜೆಡ್‌ಟಿ, ಆ ಕೊರತೆ ತುಂಬಿತು. ಈ ವಸ್ತುವಿನ ಮೂಲಭೂತ ಅಧ್ಯಯನ 1950ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ನಡೆಯಿತು. ಅದರ ಬಲವಾದ ಪೀಜೋ ಗುಣವನ್ನು 1954ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನ ಬರ್ನಾರ್ಡ್ ಜಾಫೆ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಜಿರ್ಕೋನಿಯಂ ಮತ್ತು ಟೈಟೇನಿಯಂ ಪ್ರಮಾಣ ಸುಮಾರು 52ಕ್ಕೆ 48 ಇದ್ದಾಗ ಹರಳಿನ ಎರಡು ರಚನೆಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಆ ಗಡಿಯಲ್ಲಿ ಚಲನೆ ಅತಿ ಹೆಚ್ಚು. ಮುಂದೆ ಪೇಟೆಂಟ್ ಅರ್ಜಿಗಳಲ್ಲಿ ಮತ್ತೆ ಮತ್ತೆ ಬರುವ ಅಂಕಿಗಳಲ್ಲಿ ಇದೇ ಮೊದಲನೆಯದು.

ಹನಿ ಚಿಮ್ಮಿಸಲು ಈ ಗುಣವನ್ನು ಬಳಸುವ ವಿಚಾರವೂ ಹಳೆಯದೇ. ಆರ್‌ಸಿಎ ಕಂಪನಿಯ ಕ್ಲಾರೆನ್ಸ್ ಹ್ಯಾನ್ಸೆಲ್ ಅವರಿಗೆ 1950ರಲ್ಲಿಯೇ ಇಂಥದೊಂದು ಅಮೆರಿಕನ್ ಪೇಟೆಂಟ್ ಸಿಕ್ಕಿತ್ತು. 1972ರಲ್ಲಿ ಸ್ಟೀವನ್ ಜೋಲ್ಟನ್ ಅವರ ಪೇಟೆಂಟ್ ಬಂತು. ಅದರಲ್ಲಿ ಪೀಜೋ ಕೊಳವೆಯೇ ಕುಗ್ಗಿ ಶಾಯಿಯನ್ನು ಹಿಂಡುತ್ತದೆ. 1973ರಲ್ಲಿ ಸ್ಟೆಮೆ, 1976ರಲ್ಲಿ ಕೈಸರ್ ಮತ್ತು ಸಿಯರ್ಸ್, ತೆಳು ಪಟಲವನ್ನು ಬಾಗಿಸಿ ಒತ್ತುವ ವಿಧಾನ ಕೊಟ್ಟರು. 1984ರಲ್ಲಿ ಹೌಕಿನ್ಸ್ ಅವರ ಪೇಟೆಂಟಿನಲ್ಲಿ ಪೀಜೋ ಕಡ್ಡಿ ತನ್ನ ಉದ್ದಕ್ಕೆ ಹಿಗ್ಗಿ ತಳ್ಳುತ್ತದೆ. 1980ರ ದಶಕದಲ್ಲಿ ಕಾಲುವೆಯ ಗೋಡೆಗಳೇ ಓರೆಯಾಗಿ ಹೊರಳುವ ವಿಧಾನ ಬೆಳೆಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1990ರಲ್ಲಿ ಹುಟ್ಟಿದ ಕ್ಸಾರ್ ಕಂಪನಿ ಅದರ ಮೇಲೆಯೇ ನಿಂತಿತು. ಹಿಂಡು, ಬಾಗು, ತಳ್ಳು, ಹೊರಳು ಎಂಬ ಈ ನಾಲ್ಕು ಕ್ರಿಯೆಗಳು ಇಂದಿನ ಎಲ್ಲ ಪೀಜೋ ಹೆಡ್‌ಗಳ ತಾಯಿಬೇರು. ಆ ಪೇಟೆಂಟುಗಳ ಅವಧಿ ಮುಗಿದು ಬಹಳ ಕಾಲವಾಯಿತು. ಅವುಗಳಲ್ಲಿರುವ ಜ್ಞಾನ ಈಗ ಎಲ್ಲರ ಸ್ವತ್ತು.

ಸುವಾ ಕಣಿವೆಯಿಂದ

ಈ ಕ್ಷೇತ್ರದಲ್ಲಿ ಎಡೆಬಿಡದೆ ಅರ್ಜಿ ಸಲ್ಲಿಸಿದ ಕಂಪನಿಗಳಲ್ಲಿ ಜಪಾನಿನ ಸೈಕೊ ಎಪ್ಸನ್ ಮುಖ್ಯವಾದದ್ದು. ಅದರ ನೆಲೆ ನಾಗಾನೊ ಪ್ರಾಂತದ ಸುವಾ. 1969ರ ಡಿಸೆಂಬರ್ 25ರಂದು ಮಾರುಕಟ್ಟೆಗೆ ಬಂದ ಜಗತ್ತಿನ ಮೊದಲ ಕ್ವಾರ್ಟ್ಸ್ ಕೈಗಡಿಯಾರ, ಸೈಕೊ ಆಸ್ಟ್ರಾನ್, ತಯಾರಾದದ್ದೂ ಸುವಾದಲ್ಲಿಯೇ. ಗಡಿಯಾರದೊಳಗೆ ಮಿಡಿಯುವ ಕ್ವಾರ್ಟ್ಸ್ ಹರಳೂ ಪೀಜೋ ಗುಣದಿಂದಲೇ ಮಿಡಿಯುತ್ತದೆ. ಹೀಗಾಗಿ ಹರಳಿನ ಚಲನೆಯನ್ನು ಮೈಕ್ರೋಮೀಟರ್ ಮಟ್ಟದಲ್ಲಿ ಪಳಗಿಸುವ ಕಸುಬು ಆ ಊರಿನಲ್ಲಿ ಬೇರೂರಿತ್ತು. ಎಪ್ಸನ್ 1984ರಲ್ಲಿ ತನ್ನ ಮೊದಲ ಪೀಜೋ ಇಂಕ್‌ಜೆಟ್ ಪ್ರಿಂಟರನ್ನು, 1993ರಲ್ಲಿ ಸ್ಟೈಲಸ್ 800 ಅನ್ನು, 2013ರಲ್ಲಿ ತೆಳುಪದರ ಪೀಜೋ ಬಳಸುವ ಪ್ರಿಸಿಶನ್‌ಕೋರ್ ಹೆಡ್‌ಗಳನ್ನು ಹೊರತಂದಿತು.

ಅದಕ್ಕೂ ಮೊದಲೇ ಪ್ರತಿಸ್ಪರ್ಧಿಗಳು ಬೇರೆ ದಾರಿ ಹಿಡಿದಿದ್ದರು. ಕ್ಯಾನನ್ ಮತ್ತು ಎಚ್‌ಪಿ ಕಂಪನಿಗಳು 1970ರ ದಶಕದ ಕೊನೆಯಲ್ಲಿ, ಶಾಯಿಯನ್ನು ಕ್ಷಣಾರ್ಧದಲ್ಲಿ ಕಾಯಿಸಿ ಗುಳ್ಳೆ ಎಬ್ಬಿಸಿ ಹನಿಯನ್ನು ತಳ್ಳುವ ವಿಧಾನ ಕಂಡುಕೊಂಡಿದ್ದವು. ಅದು ಅಗ್ಗ, ಸರಳ. ಆದರೆ ಪೀಜೋ ವಿಧಾನದಲ್ಲಿ ದ್ರವ ಕುದಿಯಬೇಕಾಗಿಲ್ಲ. ಆದ್ದರಿಂದ ಬಟ್ಟೆಯ ಬಣ್ಣ, ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಶಾಯಿ, ಲೋಹದ ಕಣಗಳಿರುವ ದ್ರಾವಣ, ಪ್ರಯೋಗಾಲಯದ ಜೈವಿಕ ದ್ರವಗಳು, ಎಲ್ಲವನ್ನೂ ಹನಿಯಾಗಿ ಇಡಬಹುದು. ಅರ್ಜಿಗಳು ‘ಶಾಯಿ’ ಎನ್ನದೆ ‘ದ್ರವ’ ಎಂದು ಬರೆಯುವುದಕ್ಕೆ ಕಾರಣ ಇದೇ. ಆ ಒಂದು ಪದದ ಆಯ್ಕೆಯಿಂದ ಕೇಳುವ ಹಕ್ಕಿನ ವಿಸ್ತಾರವೇ ಬದಲಾಗುತ್ತದೆ.

ಹೆಡ್ಡಿನ ರಚನೆಯನ್ನು ಒಮ್ಮೆ ಒಳಗಿನಿಂದ ನೋಡೋಣ. ಸಿಲಿಕಾನ್ ಬಿಲ್ಲೆಯಲ್ಲಿ ಕೊರೆದ ಪುಟ್ಟ ಕೋಣೆಗಳಲ್ಲಿ ದ್ರವ ತುಂಬಿರುತ್ತದೆ. ಕೋಣೆಯ ಒಂದು ಬದಿಗೆ ತೂತುಗಳಿರುವ ನಾಜಲ್ ಫಲಕ. ಇನ್ನೊಂದು ಬದಿಗೆ ಸಿಲಿಕಾನ್ ಡೈಆಕ್ಸೈಡ್ ಮತ್ತು ಜಿರ್ಕೋನಿಯಂ ಆಕ್ಸೈಡಿನಿಂದಾದ ಕಂಪನ ಪಟಲ. ಅದರ ಮೇಲೆ ಪ್ಲಾಟಿನಂ ಎಲೆಕ್ಟ್ರೋಡ್, ಅದರ ಮೇಲೆ ಪಿಜೆಡ್‌ಟಿ ಪದರ, ಎಲ್ಲಕ್ಕೂ ಮೇಲೆ ಇರಿಡಿಯಂನಂಥ ಲೋಹದ ಇನ್ನೊಂದು ಎಲೆಕ್ಟ್ರೋಡ್. ಪಿಜೆಡ್‌ಟಿಯನ್ನು ಹಲವು ಕಡೆ ದ್ರಾವಣ ರೂಪದಲ್ಲಿ ಸವರಿ, ಒಣಗಿಸಿ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟು ಹರಳುಗಟ್ಟಿಸುತ್ತಾರೆ. ಒಂದು ಸಲಕ್ಕೆ ಬರುವ ದಪ್ಪ ನೂರಾರು ನ್ಯಾನೋಮೀಟರ್ ಮಾತ್ರ. ಹಾಗಾಗಿ ಇದನ್ನೇ ಹಲವು ಬಾರಿ ಮಾಡಬೇಕು.

ತೊಂದರೆಗಳು ಶುರುವಾಗುವುದು ಇಲ್ಲಿಂದ. ಸುಡುವಾಗ ಸೀಸ ಆವಿಯಾಗಿ ಹೋಗುತ್ತದೆ, ಆದ್ದರಿಂದ ಮೊದಲೇ ಸ್ವಲ್ಪ ಹೆಚ್ಚು ಹಾಕಬೇಕು. ಹೆಚ್ಚಾದ ಸೀಸ ಕೆಳಗಿನ ಪಟಲಕ್ಕೆ ಇಳಿದರೆ ಪಟಲ ಕೆಡುತ್ತದೆ. ಹರಳುಕಣಗಳ ಸಂದಿಯಲ್ಲಿ ಉಳಿದರೆ ವಿದ್ಯುತ್ ಸೋರುತ್ತದೆ. ಗಾಳಿಯ ತೇವ ಸೇರಿದರೆ ಪದರವೇ ಸುಟ್ಟುಹೋಗಬಹುದು. ಹರಳುಗಳು ಅಡ್ಡಾದಿಡ್ಡಿ ಬೆಳೆದರೆ ಬಾಗುವಿಕೆ ಕಡಿಮೆಯಾಗುತ್ತದೆ. ಅವು ‘(100)’ ಎಂದು ಗುರುತಿಸುವ ದಿಕ್ಕಿಗೆ ಸಾಲಾಗಿ ನಿಂತರೆ ಹೆಚ್ಚು ಬಾಗುತ್ತದೆ. ಹಾಗೆ ನಿಲ್ಲಿಸಲು ಲ್ಯಾಂಥನಂ ನಿಕಲ್ ಆಕ್ಸೈಡಿನಂಥ ಬೀಜಪದರ ಬೇಕು. ಒಂದು ತೊಂದರೆ ಬಗೆಹರಿಸಿದರೆ ಇನ್ನೊಂದು ತಲೆ ಎತ್ತುತ್ತದೆ. ಪ್ರತಿ ಪರಿಹಾರಕ್ಕೂ ಒಂದು ಪೇಟೆಂಟ್ ಅರ್ಜಿ. ಒಂದೇ ಕಂಪನಿಯಿಂದ ಒಂದೇ ವಿಷಯದ ಮೇಲೆ ಇಷ್ಟೊಂದು ಅರ್ಜಿಗಳೇಕೆ ಎಂಬ ಪ್ರಶ್ನೆಗೆ ಉತ್ತರ ಈ ಪದರದೊಳಗೇ ಇದೆ.

ಎಲ್ಲೆ ಗುರುತಿಸುವ ವಾಕ್ಯ

ಪೇಟೆಂಟ್ ಎಂದರೆ ಒಂದು ಒಪ್ಪಂದ. ಆವಿಷ್ಕಾರಕ ತನ್ನ ತಂತ್ರವನ್ನು ಮುಚ್ಚಿಡದೆ ಜಗತ್ತಿಗೆ ತಿಳಿಸಬೇಕು. ಪ್ರತಿಯಾಗಿ ಅರ್ಜಿಯ ದಿನದಿಂದ 20 ವರ್ಷ ಅದನ್ನು ಬೇರೆಯವರು ಬಳಸದಂತೆ ತಡೆಯುವ ಹಕ್ಕನ್ನು ಸರ್ಕಾರ ಕೊಡುತ್ತದೆ. ಜಪಾನ್ ಈ ವ್ಯವಸ್ಥೆಯನ್ನು 1885ರ ಏಪ್ರಿಲ್ 18ರ ಕಾನೂನಿನಿಂದ ಆರಂಭಿಸಿತು. ಆ ಕಚೇರಿಯ ಮೊದಲ ಮುಖ್ಯಸ್ಥರಾದ ತಕಹಾಶಿ ಕೊರೆಕಿಯೊ ಮುಂದೆ ದೇಶದ ಪ್ರಧಾನಿಯೂ ಆದರು. ಅದೇ ವರ್ಷ ಆಗಸ್ಟ್ 14ರಂದು ನೀಡಿದ ಮೊದಲ ಪೇಟೆಂಟ್ ತುಕ್ಕು ತಡೆಯುವ ಬಣ್ಣದ್ದು.

ಅರ್ಜಿಯಲ್ಲಿ ವಿವರಣೆ ಎಷ್ಟೇ ಪುಟ ಇರಲಿ, ಹಕ್ಕನ್ನು ತೀರ್ಮಾನಿಸುವುದು ಕೊನೆಯಲ್ಲಿ ಅಂಕಿ ಹಾಕಿ ಬರೆದ ‘ಕ್ಲೇಮ್’ ಎಂಬ ವಾಕ್ಯಗಳು. ಹೊಲಕ್ಕೆ ಬಾಂದುಕಲ್ಲು ಹೇಗೋ ಪೇಟೆಂಟಿಗೆ ಕ್ಲೇಮ್ ಹಾಗೆ. ಅದರ ಒಳಗಿರುವುದು ಅರ್ಜಿದಾರನದು, ಹೊರಗಿರುವುದು ಎಲ್ಲರದು. ಕಲ್ಲನ್ನು ಆದಷ್ಟು ದೂರ ನೆಡಬೇಕೆಂಬುದು ಅರ್ಜಿದಾರನ ಸಹಜ ಆಸೆ. ಅದು ನಿಜವಾಗಿ ಎಲ್ಲಿರಬೇಕು ಎಂದು ಅಳೆಯುವುದು ಪರೀಕ್ಷಕನ ಕೆಲಸ.

ತಿಳಿಯಲೆಂದು ಒಂದು ಅರ್ಜಿಯನ್ನು ಕಲ್ಪಿಸಿಕೊಳ್ಳೋಣ. ಅದರ ಮೊದಲ ಕ್ಲೇಮ್ ಹೀಗಿದೆ ಎನ್ನಿ: ನಾಜಲಿಗೆ ಕೂಡಿದ ಒತ್ತಡದ ಕೋಣೆ, ಅದರ ಮೇಲೆ ಕಂಪನ ಪಟಲ, ಎರಡು ಎಲೆಕ್ಟ್ರೋಡ್‌ಗಳ ನಡುವೆ ಪಿಜೆಡ್‌ಟಿ ಪದರ, ಆ ಪದರದ ದಪ್ಪ 1.5 ಮೈಕ್ರೋಮೀಟರಿಗಿಂತ ಕಡಿಮೆ. ಅದರ ಹರಳುಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚು (100) ದಿಕ್ಕಿಗೆ. ಪದರದ ಆಳದುದ್ದಕ್ಕೂ ಟೈಟೇನಿಯಂ ಪ್ರಮಾಣದ ಏರಿಳಿತ ಶೇಕಡಾ 5 ಮೀರುವುದಿಲ್ಲ.

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರಿಶೀಲನೆ ಶುರುವಾಗುವುದಿಲ್ಲ. ಜಪಾನಿನಲ್ಲಿ ಮೂರು ವರ್ಷದೊಳಗೆ ಅದಕ್ಕಾಗಿ ಬೇರೆಯಾಗಿ ಕೋರಬೇಕು. ಅಷ್ಟರಲ್ಲಿ, 18 ತಿಂಗಳಿಗೆ, ಅರ್ಜಿ ಸಾರ್ವಜನಿಕವಾಗಿ ಪ್ರಕಟವಾಗಿರುತ್ತದೆ. ಪರೀಕ್ಷಕರು ಮೊದಲು ಕ್ಲೇಮನ್ನು ತುಂಡು ತುಂಡಾಗಿ ಬಿಡಿಸಿಕೊಳ್ಳುತ್ತಾರೆ. ಆಮೇಲೆ ಹುಡುಕಾಟ. ಜಗತ್ತಿನ ಪೇಟೆಂಟುಗಳೆಲ್ಲ ಅಂತರರಾಷ್ಟ್ರೀಯ ವರ್ಗೀಕರಣದಂತೆ ಜೋಡಣೆಯಾಗಿವೆ. ಇಂಕ್‌ಜೆಟ್ ಹೆಡ್‌ಗಳ ರಚನೆ ಬಿ41ಜೆ 2/14 ಎಂಬ ಗುರುತಿನಡಿ, ಅವುಗಳ ತಯಾರಿಕೆ ಬಿ41ಜೆ 2/16ರ ಅಡಿ. ಪೀಜೋ ಘಟಕಗಳು ದೀರ್ಘಕಾಲ ಎಚ್01ಎಲ್ 41ರಲ್ಲಿದ್ದು, 2023ರಿಂದ ಎಚ್10ಎನ್ 30ಕ್ಕೆ ಸ್ಥಳಾಂತರಗೊಂಡಿವೆ. ಇದು ಸಾಲದೆಂಬಂತೆ ಜಪಾನ್ ಕಚೇರಿ ‘ಎಫ್-ಟರ್ಮ್’ ಎಂಬ ತನ್ನದೇ ಸೂಕ್ಷ್ಮ ಗುರುತುಗಳನ್ನು ಇಟ್ಟುಕೊಂಡಿದೆ. ಒಂದೇ ದಾಖಲೆಯನ್ನು ವಸ್ತು, ಉದ್ದೇಶ, ರಚನೆ, ತಯಾರಿಕೆ ಎಂಬ ಹಲವು ದಿಕ್ಕುಗಳಿಂದ ಹಿಡಿಯುವ ಬಲೆ ಅದು. ಇಂಕ್‌ಜೆಟ್ ಹೆಡ್‌ಗಳಿಗೆ ಅಲ್ಲಿ 2ಸಿ057 ಎಂಬ ವಿಷಯ ಸಂಕೇತ.

ಹುಡುಕಾಟಕ್ಕೆ ಪೇಟೆಂಟುಗಳಷ್ಟೇ ಸಾಲುವುದಿಲ್ಲ. ನಮ್ಮ ಕಲ್ಪಿತ ಅರ್ಜಿಯ ಕೊನೆಯ ಅಂಶವನ್ನೇ ನೋಡಿ. ದ್ರಾವಣ ಸವರಿ ಸುಟ್ಟ ಪಿಜೆಡ್‌ಟಿಯಲ್ಲಿ ಟೈಟೇನಿಯಂ ಬೇಗ ಹರಳುಗಟ್ಟುತ್ತದೆ, ಜಿರ್ಕೋನಿಯಂ ಹಿಂದುಳಿಯುತ್ತದೆ. ಹಾಗಾಗಿ ಪ್ರತಿ ಪದರದಲ್ಲಿ ಮೇಲೆ ಕೆಳಗೆ ಪ್ರಮಾಣ ವ್ಯತ್ಯಾಸವಾಗುತ್ತದೆ. ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ವಿಶ್ವವಿದ್ಯಾಲಯದ ಕಲಾಮ್ ಮತ್ತು ಮುರಾಲ್ಟ್, ಬೇರೆ ಬೇರೆ ಪ್ರಮಾಣದ ದ್ರಾವಣಗಳನ್ನು ಒಂದರ ಮೇಲೊಂದು ಸವರಿ ಈ ಏರಿಳಿತವನ್ನು ನಿವಾರಿಸಿ, ಅದರಿಂದ ಪೀಜೋ ಗುಣ ಹೆಚ್ಚುವುದನ್ನು 2007ರಲ್ಲಿಯೇ ಪ್ರಕಟಿಸಿದ್ದಾರೆ. ನಮ್ಮ ಅರ್ಜಿ ಅದಾದ ಮೇಲೆ ಬಂದಿದ್ದರೆ ಆ ಪ್ರಬಂಧ ಪರೀಕ್ಷಕರ ಕೈಯಲ್ಲಿ ಬಲವಾದ ಆಧಾರ. ಅರ್ಜಿದಾರ ಕಂಪನಿಯೇ ಹಿಂದೆ ಪ್ರಕಟಿಸಿದ ಅರ್ಜಿಯೂ ಅದರ ವಿರುದ್ಧ ಆಧಾರವಾಗಬಲ್ಲದು.

ಈಗ ಎರಡು ಪ್ರಶ್ನೆಗಳು. ಮೊದಲನೆಯದು ಹೊಸತನದ್ದು: ಕ್ಲೇಮಿನ ಎಲ್ಲ ಅಂಶಗಳೂ ಒಂದೇ ಹಳೆಯ ದಾಖಲೆಯಲ್ಲಿ ಇವೆಯೇ? ಲೊಸಾನ್ ಪ್ರಬಂಧ ಪದರದ ಬಗ್ಗೆ ಹೇಳುತ್ತದೆ, ನಾಜಲ್ ಕೋಣೆಯ ಬಗ್ಗೆ ಹೇಳುವುದಿಲ್ಲ. ಆದ್ದರಿಂದ ಹೊಸತನ ಉಳಿಯುತ್ತದೆ. ಎರಡನೆಯದು ಕಠಿಣ. ಆ ಕ್ಷೇತ್ರದ ಸಾಮಾನ್ಯ ತಜ್ಞನಿಗೆ ಇದು ಸುಲಭವಾಗಿ ಹೊಳೆಯುತ್ತಿತ್ತೇ? ಹೆಚ್ಚು ಬಾಗುವ ಪದರವನ್ನು ಹೆಡ್ ತಯಾರಕರೆಲ್ಲ ಹುಡುಕುತ್ತಲೇ ಇದ್ದಾರೆ. ಅದನ್ನು ಮಾಡುವ ದಾರಿ ಪ್ರಬಂಧದಲ್ಲಿದೆ. ಎರಡನ್ನೂ ಕೂಡಿಸಲು ಪ್ರೇರಣೆ ಸ್ಪಷ್ಟವಾಗಿದೆ. ಪರೀಕ್ಷಕರು ಈ ತರ್ಕವನ್ನು ಬರೆದು, ನಿರಾಕರಣೆಯ ಕಾರಣಗಳ ನೋಟಿಸು ಕಳಿಸುತ್ತಾರೆ. ಜಪಾನಿನ ಅರ್ಜಿದಾರರಿಗೆ ಉತ್ತರಿಸಲು 60 ದಿನ.

ಇಲ್ಲಿ ಪರೀಕ್ಷಕರು ತಮ್ಮ ಮೇಲೆಯೇ ಒಂದು ಕಾವಲು ಇಟ್ಟುಕೊಳ್ಳಬೇಕು. ಪರಿಹಾರವನ್ನು ಓದಿದ ಮೇಲೆ ಯಾವ ಒಗಟೂ ಸುಲಭವೇ. ಅರ್ಜಿಯಲ್ಲಿ ಕಲಿತದ್ದನ್ನು ಹಳೆಯ ದಾಖಲೆಯಲ್ಲಿ ಓದಿಕೊಂಡುಬಿಡುವ ಅಪಾಯ ಸದಾ ಇರುತ್ತದೆ. ಅರ್ಜಿಯ ದಿನಕ್ಕೆ ಹಿಂದಿರುಗಿ, ಅಂದು ತಿಳಿದಿದ್ದಷ್ಟನ್ನೇ ಮುಂದಿಟ್ಟುಕೊಂಡು ಯೋಚಿಸುವ ಶಿಸ್ತು ಪ್ರತಿ ಕಡತದಲ್ಲೂ ಬೇಕು. ಆವಿಷ್ಕಾರಕನಿಗೆ ಅನ್ಯಾಯವಾಗದಂತೆ ಕಾಯುವುದೂ ಇದೇ ಶಿಸ್ತು.

ಅಂಕಿಗಳ ಅಗ್ನಿಪರೀಕ್ಷೆ

ಪೀಜೋ ಅರ್ಜಿಗಳ ವಿಶೇಷವೇ ಅಂಕಿಗಳು. ಎಕ್ಸ್‌ರೇ ವಿವರ್ತನೆಯ ಕೋನ, ಹರಳಿನ ದಿಕ್ಕಿನ ಶೇಕಡಾವಾರು, ಪದರದ ದಪ್ಪ, ಧಾತುಗಳ ಪ್ರಮಾಣ, ಇವುಗಳನ್ನೇ ಎಲ್ಲೆಯಾಗಿ ಇಟ್ಟು ಹಕ್ಕು ಕೇಳಲಾಗುತ್ತದೆ. ಇವುಗಳನ್ನು ಅಳೆಯಲು ಜಗತ್ತಿನ ಕಾನೂನು ಹಲವು ಒರೆಗಲ್ಲುಗಳನ್ನು ರೂಪಿಸಿಕೊಂಡಿದೆ.

ಅಮೆರಿಕದಲ್ಲಿ 1955ರ ಆಲರ್ ಪ್ರಕರಣ ಒಂದು ತತ್ವ ಹಾಕಿಕೊಟ್ಟಿತು. ಒಂದು ಪ್ರಕ್ರಿಯೆಯ ಸಾಮಾನ್ಯ ಸ್ಥಿತಿಗತಿಗಳು ತಿಳಿದಿದ್ದಾಗ, ವಾಡಿಕೆಯ ಪ್ರಯೋಗದಿಂದ ಅತ್ಯುತ್ತಮ ತಾಪಮಾನವನ್ನೋ ಸಾಂದ್ರತೆಯನ್ನೋ ಹುಡುಕಿದ್ದು ಆವಿಷ್ಕಾರವಾಗುವುದಿಲ್ಲ. ಆದರೆ ಆ ಎಲ್ಲೆಯೊಳಗೆ ಯಾರೂ ನಿರೀಕ್ಷಿಸದ ಫಲ ಬಂದರೆ ಮಾತು ಬೇರೆ. ನಮ್ಮ ಅರ್ಜಿದಾರ ಏರಿಳಿತ ಶೇಕಡಾ 5 ದಾಟಿದೊಡನೆ ಪದರದ ಬಾಳಿಕೆ ಏಕಾಏಕಿ ಕುಸಿಯುತ್ತದೆಂದು ಹೋಲಿಕೆಯ ಪ್ರಯೋಗಗಳಿಂದ ತೋರಿಸಿದರೆ, 5 ಎಂಬ ಅಂಕಿಗೆ ಅರ್ಥ ಬರುತ್ತದೆ. ಬಾಳಿಕೆ ನಿಧಾನವಾಗಿ, ಸಮವಾಗಿ ಇಳಿಯುತ್ತಿದ್ದರೆ 5 ಎಂಬುದು ಬರೀ ಆಯ್ಕೆ.

1977ರ ಬೆಸ್ಟ್ ಪ್ರಕರಣ ಇನ್ನೊಂದು ಸೂಕ್ಷ್ಮವನ್ನು ಎತ್ತಿತು. ಹಳೆಯ ದಾಖಲೆಯಲ್ಲಿ ಅದೇ ವಿಧಾನದಿಂದ ಮಾಡಿದ ಅದೇ ವಸ್ತು ಇದೆ, ಆದರೆ ಆ ಗುಣವನ್ನು ಯಾರೂ ಅಳೆದಿಲ್ಲ ಎನ್ನಿ. ಅಳೆಯದಿದ್ದರೂ ಗುಣ ಅದರಲ್ಲಿ ಇದ್ದೇ ಇರಬಹುದು. ಪೇಟೆಂಟ್ ಕಚೇರಿಯಲ್ಲಿ ಕುಲುಮೆಯಿಲ್ಲ, ಎಕ್ಸ್‌ರೇ ಯಂತ್ರವಿಲ್ಲ. ಆದ್ದರಿಂದ ಎರಡೂ ಒಂದೇ ಎಂದು ನಂಬಲು ಸಕಾರಣವಿದ್ದರೆ, ಬೇರೆ ಎಂದು ಸಾಬೀತು ಮಾಡುವ ಹೊಣೆ ಅರ್ಜಿದಾರನ ಮೇಲೆ ಬೀಳುತ್ತದೆ. ಜಪಾನಿನ ಪರಿಶೀಲನಾ ಮಾರ್ಗಸೂಚಿಯಲ್ಲೂ ಇದೇ ಬಗೆಯ ನಿಯಮವಿದೆ. ಹೊಸ ಅಳತೆಗೋಲು ತಂದು ಹಳೆಯ ವಸ್ತುವಿಗೆ ಹೊಸ ಹಕ್ಕು ಪಡೆಯುವುದನ್ನು ಇದು ತಡೆಯುತ್ತದೆ.

ಜಪಾನಿನ ಅತಿ ಮುಖ್ಯ ತೀರ್ಪು ಬಂದದ್ದು 2005ರ ನವೆಂಬರ್ 11ರಂದು. ಅದೇ ವರ್ಷ ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ಆರಂಭವಾಗಿದ್ದ ಬೌದ್ಧಿಕ ಆಸ್ತಿ ಹೈಕೋರ್ಟಿನ ವಿಸ್ತೃತ ಪೀಠದ ಮುಂದಿದ್ದದ್ದು ಧ್ರುವೀಕರಣ ಫಿಲ್ಮಿನ ತಯಾರಿಕೆಯ ಪೇಟೆಂಟ್. ವಸ್ತು ಬೇರೆಯಾದರೂ ಪ್ರಶ್ನೆ ಇದೇ. ಎರಡು ಗುಣಗಳ ನಡುವಿನ ಸಂಬಂಧವನ್ನು ಗಣಿತದ ಅಸಮತೆಗಳಲ್ಲಿ ಬರೆದು ವಿಸ್ತಾರವಾದ ಹಕ್ಕು ಕೇಳಲಾಗಿತ್ತು. ವಿವರಣೆಯಲ್ಲಿದ್ದದ್ದು ಎರಡು ಉದಾಹರಣೆ, ಎರಡು ಹೋಲಿಕೆ ಪ್ರಯೋಗ ಮಾತ್ರ. ಅಷ್ಟರಿಂದ ಆ ಇಡೀ ವ್ಯಾಪ್ತಿಯಲ್ಲಿ ಫಲ ಸಿಗುತ್ತದೆಂದು ತಜ್ಞ ನಂಬಲಾರ ಎಂದು ಪೀಠ ಹೇಳಿ, ಪೇಟೆಂಟ್ ರದ್ದತಿಯನ್ನು ಎತ್ತಿಹಿಡಿಯಿತು. ಆಮೇಲೆ ತಂದುಕೊಟ್ಟ ಪ್ರಯೋಗದ ಅಂಕಿಗಳಿಂದ ಆ ಕೊರತೆ ತುಂಬುವುದಿಲ್ಲ ಎಂದೂ ಹೇಳಿತು. ಕೊಟ್ಟ ಜ್ಞಾನದಷ್ಟೇ ಹಕ್ಕು ಎಂಬ ನ್ಯಾಯ ಇದರಲ್ಲಿದೆ. ಅಂಕಿಗಳ ಮೇಲೆ ನಿಂತ ಪ್ರತಿ ಪೀಜೋ ಅರ್ಜಿಗೂ ಇದು ಅನ್ವಯಿಸುತ್ತದೆ.

ಕಲ್ಪಿತ ಅರ್ಜಿಗೆ ಮರಳಿದರೆ, ಕೊನೆ ಹೀಗಾಗಬಹುದು. ಅರ್ಜಿದಾರ ಮೊದಲ ಕ್ಲೇಮನ್ನು ಕಿರಿದುಗೊಳಿಸುತ್ತಾನೆ. ಒಂದು ನಿರ್ದಿಷ್ಟ ಬೀಜಪದರ, ಅದರ ನಿರ್ದಿಷ್ಟ ದಪ್ಪ, ಅದಕ್ಕೆ ಹೊಂದಿದ ಎಲೆಕ್ಟ್ರೋಡ್ ಇವುಗಳನ್ನು ಸೇರಿಸುತ್ತಾನೆ. ಆದರೆ ಮೂಲ ಅರ್ಜಿಯಲ್ಲಿ ಇಲ್ಲದ ಯಾವುದನ್ನೂ ಹೊಸದಾಗಿ ತರುವಂತಿಲ್ಲ. ಆ ಜೋಡಣೆಯಿಂದ ಬಂದ ಫಲಕ್ಕೆ ವಿವರಣೆಯಲ್ಲಿ ಪ್ರಯೋಗದ ಬೆಂಬಲವಿದ್ದರೆ, ಹಳೆಯ ದಾಖಲೆಗಳಲ್ಲಿ ಅದರ ಸುಳಿವಿಲ್ಲದಿದ್ದರೆ, ಪೇಟೆಂಟ್ ಸಿಗುತ್ತದೆ. ಸಿಗದಿದ್ದರೆ ಮೂರು ತಿಂಗಳೊಳಗೆ ಮೇಲ್ಮನವಿ, ಅದರ ಮೇಲೆ ಹೈಕೋರ್ಟು. ಸಿಕ್ಕರೂ ಗೆಜೆಟ್ಟಿನಲ್ಲಿ ಪ್ರಕಟವಾದ ಆರು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಮೊದಲು ಕೇಳಿದ್ದು ಏರಿಳಿತವಿಲ್ಲದ ಪದರವಿರುವ ಎಲ್ಲ ಹೆಡ್‌ಗಳ ಮೇಲಿನ ಹಕ್ಕು. ಕೊನೆಗೆ ಸಿಕ್ಕಿದ್ದು ತಾನು ನಿಜವಾಗಿ ಕಂಡುಹಿಡಿದ ಒಂದು ಜೋಡಣೆಯ ಮೇಲಿನ ಹಕ್ಕು. ಈ ಎರಡರ ನಡುವಿನ ಅಂತರವೇ ಪರೀಕ್ಷಕರು ಸಮಾಜಕ್ಕೆ ಉಳಿಸಿಕೊಟ್ಟ ಜಾಗ. ಮುಂದಿನ ಸಂಶೋಧಕ ಅಲ್ಲಿ ನಿಂತು ಕೆಲಸ ಮಾಡಬಹುದು.

ಸೀಸದಾಚೆಗಿನ ಹುಡುಕಾಟ

ಆ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಸೀಸವೇ ಸಾಕ್ಷಿ. ಪಿಜೆಡ್‌ಟಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸ ನರಮಂಡಲಕ್ಕೆ, ಅದರಲ್ಲೂ ಮಕ್ಕಳಿಗೆ, ವಿಷ. ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸುವ ಯುರೋಪಿನ ನಿಯಮ 2006ರ ಜುಲೈ 1ರಿಂದ ಜಾರಿಗೆ ಬಂದಾಗ ಪೀಜೋ ಸೆರಾಮಿಕ್‌ಗಳಿಗೆ ವಿನಾಯಿತಿ ಕೊಡಬೇಕಾಯಿತು. ಸಮನಾದ ಬದಲಿ ವಸ್ತು ಇರಲಿಲ್ಲ. 2004ರಲ್ಲಿ ಜಪಾನಿನ ಟೊಯೋಟಾ ಕೇಂದ್ರೀಯ ಸಂಶೋಧನಾಲಯದ ಸೈಟೊ ಮತ್ತು ಸಂಗಡಿಗರು ಪೊಟ್ಯಾಸಿಯಂ ಸೋಡಿಯಂ ನಿಯೋಬೇಟ್ ಆಧಾರದ ಸೀಸರಹಿತ ಸೆರಾಮಿಕ್ಕನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಬಳಿಕ ಈ ಹುಡುಕಾಟಕ್ಕೆ ವೇಗ ಬಂತು. ಬಿಸ್ಮತ್ ಫೆರೈಟ್ ಮೊದಲಾದವೂ ಕಣದಲ್ಲಿವೆ. ಹನಿ ಚಿಮ್ಮಿಸುವ ಹೆಡ್‌ಗಳ ಅರ್ಜಿಗಳಲ್ಲೂ ಇವು ಕಾಣಿಸಿಕೊಂಡಿವೆ.

ಇಂಥ ಹೊತ್ತಿನಲ್ಲಿ ಪರಿಶೀಲನೆ ಸಡಿಲವಾದರೆ, ಒಂದೆರಡು ಪ್ರಯೋಗ ಮಾಡಿದವರು ಇಡೀ ಸೀಸರಹಿತ ವಸ್ತುಗಳ ಕುಟುಂಬಕ್ಕೇ ಎಲ್ಲೆ ಹಾಕಿಬಿಡಬಹುದು. ಆಗ ವಿಷವಿಲ್ಲದ ಪ್ರಿಂಟರಾಗಲಿ ವೈದ್ಯಕೀಯ ಉಪಕರಣವಾಗಲಿ ಬರುವುದು ತಡವಾಗುತ್ತದೆ. ಪರಿಶೀಲನೆ ಅತಿ ಬಿಗಿಯಾದರೆ, ವರ್ಷಗಟ್ಟಲೆ ದುಡಿದವರು ತಮ್ಮ ಶೋಧವನ್ನು ಪ್ರಕಟಿಸುವ ಬದಲು ಕಾರ್ಖಾನೆಯೊಳಗೇ ಮುಚ್ಚಿಡುತ್ತಾರೆ. ಎರಡೂ ನಷ್ಟವೇ. ಇವೆರಡರ ನಡುವಿನ ಹದ ಕಾಯುವುದು ಪರೀಕ್ಷಕರ ವಿದ್ವತ್ತು ಮತ್ತು ಅವರಿಗೆ ಸಿಗುವ ಸಮಯ.

ನಮ್ಮ ಕಾನೂನಿನ ಕಣ್ಣಲ್ಲಿ

ಭಾರತದ 1970ರ ಪೇಟೆಂಟ್ ಕಾಯ್ದೆ 1972ರ ಏಪ್ರಿಲ್ 20ರಿಂದ ಜಾರಿಯಲ್ಲಿದೆ. ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈಗಳಲ್ಲಿ ಕಚೇರಿಗಳಿವೆ. ಕರ್ನಾಟಕದ ಅರ್ಜಿದಾರರು ಚೆನ್ನೈ ವ್ಯಾಪ್ತಿಗೆ ಬರುತ್ತಾರೆ. ಪರಿಶೀಲನೆ ಕೋರಲು ಇದ್ದ 48 ತಿಂಗಳ ಗಡುವನ್ನು 2024ರ ತಿದ್ದುಪಡಿ ನಿಯಮಗಳು 31 ತಿಂಗಳಿಗೆ ಇಳಿಸಿವೆ. ಮೊದಲ ಪರಿಶೀಲನಾ ವರದಿಗೆ ಉತ್ತರಿಸಲು ಆರು ತಿಂಗಳಿದೆ.

ನಮ್ಮ ಕಾಯ್ದೆಯಲ್ಲಿ ಹೆಡ್‌ಗಳ ಅರ್ಜಿಗೆ ನೇರವಾಗಿ ತಾಗುವ ಒಂದು ಮಾತಿದೆ. ತಿಳಿದಿರುವ ಸಾಧನಗಳು ತಮ್ಮ ತಮ್ಮ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ, ಅವುಗಳನ್ನು ಸುಮ್ಮನೆ ಜೋಡಿಸಿದ್ದು ಅಥವಾ ಸ್ಥಾನ ಬದಲಿಸಿದ್ದು ಆವಿಷ್ಕಾರವಲ್ಲ ಎನ್ನುತ್ತದೆ ಕಲಂ 3(ಎಫ್). ಪಾತ್ರೆ ತಯಾರಿಕೆಯ ಲೇತ್ ಯಂತ್ರಕ್ಕೆ ಸಂಬಂಧಿಸಿದ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ, ಕಾರ್ಯಾಗಾರದಲ್ಲಿ ಮಾಡುವ ಮಾಮೂಲಿ ಸುಧಾರಣೆಗಿಂತ ಹೆಚ್ಚಿನದು ಇದ್ದರೆ ಮಾತ್ರ ಪೇಟೆಂಟ್ ಎಂದು ಸ್ಪಷ್ಟಪಡಿಸಿತು. ಹಿತ್ತಾಳೆ ತಟ್ಟೆಗೆ ಅನ್ವಯಿಸಿದ ಅಳತೆಗೋಲು ಮೈಕ್ರೋಮೀಟರ್ ಪದರಕ್ಕೂ ಅನ್ವಯಿಸುತ್ತದೆ. ಪೇಟೆಂಟ್ ಕೊಡುವ ಮುನ್ನವೇ ಯಾವ ವ್ಯಕ್ತಿಯಾದರೂ ಲಿಖಿತ ಆಕ್ಷೇಪ ಸಲ್ಲಿಸಲು ಕಲಂ 25(1) ಅವಕಾಶ ಕೊಟ್ಟಿದೆ. 2024ರಿಂದ ಅದಕ್ಕೆ ಶುಲ್ಕವಿದೆ, ಆದರೂ ಬಾಗಿಲು ತೆರೆದೇ ಇದೆ.

ಈ ಬಾಗಿಲನ್ನು ಬಳಸಬೇಕಾದವರು ಓದಬಲ್ಲವರು. ಭಾರತದ ಇನ್‌ಪಾಸ್, ಜಪಾನಿನ ಜೆ-ಪ್ಲಾಟ್‌ಪಾಟ್, ಯುರೋಪಿನ ಎಸ್ಪಾಸ್‌ನೆಟ್ ಮೂರೂ ಉಚಿತ. ಒಂದು ಪೀಜೋ ಹೆಡ್‌ನ ಪೇಟೆಂಟಿನಲ್ಲಿ ಪದರ ಸುಡುವ ತಾಪಮಾನದಿಂದ ಹಿಡಿದು ಎಕ್ಸ್‌ರೇ ಅಳತೆಯವರೆಗೆ, ಪಠ್ಯಪುಸ್ತಕದಲ್ಲಿ ಸಿಗದ ಕಾರ್ಖಾನೆಯ ಜ್ಞಾನವಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಭೌತವಿಜ್ಞಾನ, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ವರ್ಷಕ್ಕೆ ಒಂದಾದರೂ ಪೇಟೆಂಟನ್ನು ಕ್ಲೇಮ್ ಸಮೇತ ಓದಿಸಬೇಕು. ಅದರೊಂದಿಗೆ ಪರೀಕ್ಷಕರ ನೋಟಿಸು ಮತ್ತು ಅರ್ಜಿದಾರರ ಉತ್ತರವನ್ನೂ ಇಟ್ಟು ಚರ್ಚಿಸಬೇಕು. ಒಂದು ವಾದ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಪಾಠವಿಲ್ಲ. ಹಾಗೆ ಓದಿದವರಲ್ಲಿ ಕೆಲವರು ಆವಿಷ್ಕಾರಕರಾಗುತ್ತಾರೆ, ಕೆಲವರು ಪರೀಕ್ಷಕರಾಗುತ್ತಾರೆ. ದೇಶಕ್ಕೆ ಇಬ್ಬರೂ ಬೇಕು. ಸರ್ಕಾರ ಪೇಟೆಂಟುಗಳ ಸಂಖ್ಯೆ ಏರಿದ್ದನ್ನು ಸಂಭ್ರಮಿಸುವಾಗ, ಪರೀಕ್ಷಕರಿಗೆ ಒಂದೊಂದು ಕಡತಕ್ಕೆ ಸಾಕಷ್ಟು ಸಮಯ, ತರಬೇತಿ, ವೈಜ್ಞಾನಿಕ ಪತ್ರಿಕೆಗಳ ಲಭ್ಯತೆ ಇದೆಯೇ ಎಂಬುದನ್ನೂ ಕೇಳಬೇಕು. ಚೆನ್ನಾಗಿ ಪರಿಶೀಲಿಸಿ ಕೊಟ್ಟ ಹತ್ತು ಪೇಟೆಂಟುಗಳಿಂದ ಉದ್ಯಮ ಬೆಳೆಯುತ್ತದೆ, ಪರಿಶೀಲಿಸದೆ ಕೊಟ್ಟ ನೂರರಿಂದ ನ್ಯಾಯಾಲಯದ ಕಡತಗಳಷ್ಟೇ ಬೆಳೆಯುತ್ತವೆ.